ಹಡಗಿನ ಚರಿತ್ರೆಯಲ್ಲಿ ಅಂಬಿಗನ ಪಾಲು

ಕನ್ನಡನಾಡಿನ ನೌಕಾ ಚರಿತ್ರೆಯನ್ನು ಇಮ್ಮಡಿ ಪುಲಿಕೇಶಿಯಿಂದ ಆರಂಭಿಸಿ ಟಿಪ್ಪುವಿನಲ್ಲಿ ಮುಗಿಸುವುದು ಈಚೆಗೆ ರೂಢಿಯಾಗಿಬಿಟ್ಟಿದೆ. ಪಶ್ಚಿಮ ಸಮುದ್ರದ ಪುರಿಯನ್ನು ನೂರಾರು ಹಡಗುಗಳು ಮುತ್ತಿದವೆಂದು ಕ್ರಿ.ಶ. 634ರ ಐಹೊಳೆ ಶಾಸನ ಹೇಳುತ್ತದೆ. 1796ರಲ್ಲಿ ಟಿಪ್ಪು ಹೊಸ ನೌಕಾಪಡೆ ಕಟ್ಟಲು ಹುಕುಂ ಹೊರಡಿಸಿದ. ಎರಡೂ ನಿಜವೇ. ಆದರೆ ಆ ಹಡಗುಗಳಲ್ಲಿ ಹುಟ್ಟು ಹಾಕಿದವರು, ಹಾಯಿ ಏರಿಸಿದವರು, ಚುಕ್ಕಾಣಿ ಹಿಡಿದವರು ಯಾರೆಂದು ಕೇಳಿದರೆ ಇಂಥ ಬರಹಗಳು ಬಾಯಿ ಬಿಡುವುದಿಲ್ಲ. ಹೇಮಾವತಿ ದಂಡೆಯ ಗೊರೂರಿನಂಥ ಊರಿಗಂತೂ ಅಲ್ಲಿ ಜಾಗವೇ ಇಲ್ಲ. ಅರಸರನ್ನೂ ಬಂದರುಗಳನ್ನೂ ಮಾತ್ರ ಹುಡುಕಿದವರಿಗೆ ಅವೇ ಸಿಕ್ಕಿವೆ.

ಈ ಚರಿತ್ರೆಯ ಬರವಣಿಗೆಯ ಮೊದಲ ಘಟ್ಟ ಭಾಷೆಯ ಕುತೂಹಲದಿಂದ ಹುಟ್ಟಿತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂದು 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ಸೂಚಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಚರ್ಚಿಸಿದರು. ಆ ವಾದ ಇನ್ನೂ ಇತ್ಯರ್ಥವಾಗಿಲ್ಲ. ಸಾಲೆತ್ತೂರರ ತುಳುವ ಇತಿಹಾಸ 1936ರಲ್ಲಿ, ಗುರುರಾಜ ಭಟ್ಟರ ಬೃಹತ್ ಗ್ರಂಥ 1975ರಲ್ಲಿ ಬಂದವು. ಬಾರಕೂರು, ಬಸರೂರುಗಳ ಬಗ್ಗೆ ಇಂದು ನಾವು ಆಡುವ ಮಾತಿಗೆಲ್ಲ ಇವರ ಪರಿಶ್ರಮವೇ ಅಡಿಪಾಯ. ಆದರೂ ಇವರ ಕಣ್ಣು ದೇವಾಲಯ ಮತ್ತು ರಾಜವಂಶಗಳ ಮೇಲಿತ್ತು.

ನಿಜವಾದ ತಿರುವು ಅನಂತರದ ದಶಕಗಳದ್ದು, ಅದರ ಋಣ ನಮ್ಮ ತಲೆಮಾರಿನ ಮೇಲೆ ದೊಡ್ಡದು. ಬಸರೂರಿನ ಅಕ್ಕಿ ವ್ಯಾಪಾರವನ್ನು ಸಂಜಯ್ ಸುಬ್ರಹ್ಮಣ್ಯಂ, ಗೋವಾ–ಕೆನರಾ ಸಂಬಂಧಗಳನ್ನು ಬಿ.ಎಸ್. ಶಾಸ್ತ್ರಿ ಪೋರ್ಚುಗೀಸ್ ದಾಖಲೆಗಳಿಂದ ಬಿಡಿಸಿ ತೋರಿಸಿದರು. ಇವುಗಳಿಗಿಂತ ಆಳಕ್ಕೆ ಇಳಿದದ್ದು ಕೈರೋದ ಗೆನಿಜಾ, ಅಂದರೆ ಯೆಹೂದಿ ಮಂದಿರದ ಹಳೆಯ ಕಾಗದಗಳ ಕೋಣೆಯಲ್ಲಿ ಸಿಕ್ಕ ಪತ್ರಗಳ ಓದು. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯೆಹೂದಿ ವರ್ತಕ ಬೆನ್ ಯಿಜುವಿನ ಬಳಿ ಒಬ್ಬ ದಾಸನಿದ್ದ. ಒಡೆಯನ ಪರವಾಗಿ ಹಡಗು ಹತ್ತಿ ಏಡನ್‌ಗೆ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದ ಆಳು ಅವನು. 1992ರ ತಮ್ಮ ಪುಸ್ತಕದಲ್ಲಿ ಅಮಿತಾವ್ ಘೋಷ್ ಅವನನ್ನು ಹಿಂಬಾಲಿಸಿ ತುಳುನಾಡಿಗೆ ಬಂದರು. ವಿದ್ವಾಂಸ ವಿವೇಕ ರೈಗಳ ನೆರವಿನಿಂದ ಆ ಹೆಸರನ್ನು 'ಬೊಮ್ಮ' ಎಂದು ಓದಿದರು. ಶಾಸನ ಹಾಕಿಸದ, ಕೋಟೆ ಕಟ್ಟಿಸದ ಒಬ್ಬ ಸಮುದ್ರಯಾನಿ ಎಂಟು ಶತಮಾನಗಳ ಬಳಿಕ ಹೆಸರಿನ ಸಮೇತ ಚರಿತ್ರೆಗೆ ಬಂದ. ನನ್ನ ದೃಷ್ಟಿಯಲ್ಲಿ ಪುಲಿಕೇಶಿಯ ನೂರು ಹಡಗುಗಳಿಗಿಂತ ಈ ಒಬ್ಬ ಬೊಮ್ಮ ನಮಗೆ ಹೆಚ್ಚು ಕಲಿಸುತ್ತಾನೆ.

ಈ ಪಾಠ ಘಟ್ಟ ಹತ್ತಿ ಒಳನಾಡಿಗೆ ಬರಲೇ ಇಲ್ಲ. ಹರಿಗೋಲು ಹಡಗಲ್ಲ, ಹೊಳೆ ದಾಟಿಸುವುದು ಸಮುದ್ರಯಾನವಲ್ಲ ಎಂಬ ಆಕ್ಷೇಪಣೆ ಇದೆ. ದೂರವೊಂದನ್ನೇ ಅಳತೆಗೋಲಾಗಿಸಿದರೆ ಅದು ಸರಿ. ಆದರೆ ಬಿದಿರು ಹೆಣೆದು, ಚರ್ಮ ಹೊದಿಸಿ, ಗಿರಗಿರನೆ ತಿರುಗುವ ಬುಟ್ಟಿಯನ್ನು ಸೆಳವಿಗೆ ಅಡ್ಡಲಾಗಿ ಒಂದೇ ಹುಟ್ಟಿನಿಂದ ದಡ ಮುಟ್ಟಿಸುವ ವಿದ್ಯೆ ಸಾಮಾನ್ಯದ್ದಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಡೊಮಿಂಗೊ ಪಯಸ್, ಹದಿನೈದಿಪ್ಪತ್ತು ಜನರನ್ನೂ ಬೇಕಾದರೆ ಕುದುರೆ, ಎತ್ತುಗಳನ್ನೂ ಹೊತ್ತು ತುಂಗಭದ್ರೆ ದಾಟುವ ಹರಿಗೋಲುಗಳನ್ನು ಕಂಡು ಬರೆದಿಟ್ಟ. ಕಡಲು ದಾಟಿ ಬಂದ ಕುದುರೆಯೂ ಹೊಳೆ ದಾಟಲು ಕೆಲವೊಮ್ಮೆ ಅಂಬಿಗನನ್ನು ಕಾಯಬೇಕಿತ್ತು. ಬಂದರಿನ ವ್ಯಾಪಾರವನ್ನು ಕಡವಿನಿಂದ ಬೇರ್ಪಡಿಸಿ ಬರೆಯುವುದು ಹೇಗೆ? ದಕ್ಷಿಣ ಭಾರತದ ಹರಿಗೋಲುಗಳ ಮೇಲೆ 1933ರಲ್ಲಿ ಶಾಸ್ತ್ರೀಯ ಲೇಖನ ಬರೆದವನು ಮದ್ರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್. ಅಂಬಿಗರ ಚೌಡಯ್ಯನ ವಚನಗಳನ್ನು ನೂರು ಬಗೆಯಲ್ಲಿ ವ್ಯಾಖ್ಯಾನಿಸಿದ ನಾವು ಅವನ ಕಸುಬನ್ನು ಹಾರ್ನೆಲ್‌ನಷ್ಟು ಗಮನವಿಟ್ಟು ನೋಡಲಿಲ್ಲ.

ಆಕರಗಳಿಲ್ಲ ಎಂಬುದು ಇನ್ನೊಂದು ಆಕ್ಷೇಪಣೆ. ಕಾಗದದ ಮೇಲೆ ಕಡಿಮೆಯಿರಬಹುದು. ಕೈಯಲ್ಲಿ, ಬಾಯಲ್ಲಿ ಇವೆ. ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ ಕೃಷ್ಣರಾಜಸಾಗರ ಸೇರುವ ಹೇಮಾವತಿ ಸುಮಾರು 245 ಕಿ.ಮೀ. ಹರಿಯುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹಗಳಿಂದ ಸಾಹಿತ್ಯ ಈ ಹೊಳೆಯನ್ನು ಬಲ್ಲದು. ಚರಿತ್ರೆ ಇನ್ನೂ ಅರಿತಿಲ್ಲ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಶೆಟ್ಟಿಹಳ್ಳಿಯ ಚರ್ಚು ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅದರ ಚಿತ್ರ ತೆಗೆಯಲು ಜನ ಮುಗಿಬೀಳುತ್ತಾರೆ. ಅದೇ ನೀರಿನಡಿ ಹೋದ ಹಳೆಯ ಕಡವುಗಳ ಒಂದು ನಕ್ಷೆಯನ್ನೂ ನಮ್ಮ ಚರಿತ್ರಕಾರರು ಮುಂದಿಟ್ಟಿಲ್ಲ. ಹಾಸನದ ಹೇಮಗಂಗೋತ್ರಿಯ ವಿದ್ಯಾರ್ಥಿಗಳು ಹೊಳೆನರಸೀಪುರ, ಅರಕಲಗೂಡಿನ ದಂಡೆಗಳಲ್ಲಿ ನಡೆದು ಹರಿಗೋಲಿನ ಅಳತೆ, ಹೆಣಿಗೆಯ ಕ್ರಮ, ಕಡವಿನ ಗುತ್ತಿಗೆಯ ಲೆಕ್ಕ, ಅಂಬಿಗರ ಮನೆಮಾತುಗಳನ್ನು ಬರೆದುಕೊಳ್ಳಲಿ. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.