ಎನ್‌ಬಿಡಿ ಪ್ರೋಟೊಕಾಲ್‌ನಲ್ಲಿ ಬದಲಾದ ಬ್ಲಾಕ್‌ಗಳ ಜಾಡು

ದೂರದ ಸರ್ವರ್‌ನಲ್ಲಿರುವ ಡಿಸ್ಕನ್ನು ತನ್ನದೇ ಡಿಸ್ಕ್ ಎಂಬಂತೆ ಕಂಪ್ಯೂಟರ್ ಬಳಸಿಕೊಳ್ಳಲು ನೆರವಾಗುವ ನೆಟ್‌ವರ್ಕ್ ಬ್ಲಾಕ್ ಡಿವೈಸ್, ಅಂದರೆ ಎನ್‌ಬಿಡಿ, ಪಾವೆಲ್ ಮಾಚೆಕ್ 1997ರಲ್ಲಿ ಲಿನಕ್ಸ್‌ಗಾಗಿ ರೂಪಿಸಿದ ಪ್ರೋಟೊಕಾಲ್. ಮುಂದೆ ಅದರ ಪಾಲನೆ ವೌಟರ್ ವೆರ್ಹೆಲ್ಸ್ಟ್ ಅವರದಾಯಿತು. ಆರಂಭದಲ್ಲಿ ಅದಕ್ಕೆ ಓದುವುದು, ಬರೆಯುವುದು, ಸಂಪರ್ಕ ಮುಗಿಸುವುದು ಇಷ್ಟೇ ಗೊತ್ತಿತ್ತು. ಬರೆದದ್ದು ಡಿಸ್ಕಿಗೆ ಸೇರುವಂತೆ ಮಾಡುವ ಫ್ಲಶ್, ಬೇಡವಾದ ಜಾಗವನ್ನು ಬಿಟ್ಟುಕೊಡುವ ಟ್ರಿಮ್ ಆಮೇಲೆ ಬಂದವು.

ವರ್ಚುವಲ್ ಯಂತ್ರಗಳು ಬಳಕೆಗೆ ಬಂದಮೇಲೆ ಬ್ಯಾಕಪ್ಪಿನ ಹೊರೆ ಬೆಳೆಯಿತು. ದಿನಕ್ಕೆ ಒಂದಿಷ್ಟು ಭಾಗವಷ್ಟೇ ಬದಲಾಗುವ ಡಿಸ್ಕನ್ನು ಪ್ರತಿ ರಾತ್ರಿ ಇಡಿಯಾಗಿ ನಕಲಿಸುವುದು ದುಬಾರಿ. ವಿಎಂವೇರ್ 2009ರ ವಿಸ್ಫಿಯರ್ 4ರಲ್ಲೇ ಬದಲಾದ ಬ್ಲಾಕ್‌ಗಳ ಲೆಕ್ಕ ಇಡತೊಡಗಿತ್ತು. ವರ್ಚುವಲ್ ಯಂತ್ರಗಳನ್ನು ನಡೆಸುವ ಮುಕ್ತ ತಂತ್ರಾಂಶ ಕ್ಯೂಇಎಂಯು 2015ರ 2.4 ಆವೃತ್ತಿಯಲ್ಲಿ ಡರ್ಟಿ ಬಿಟ್‌ಮ್ಯಾಪ್ ಆಧರಿಸಿದ ಬ್ಯಾಕಪ್ ತಂದಿತು. ಇದರಲ್ಲಿ ಸಾಮಾನ್ಯವಾಗಿ 64 ಕೆಬಿಗೆ ಒಂದು ಬಿಟ್. ಬರಹ ಬಿದ್ದ ಕೂಡಲೇ ಆ ಬಿಟ್ 1 ಆಗುತ್ತದೆ. 1 ಟಿಬಿ ಡಿಸ್ಕಿನ ಲೆಕ್ಕವೆಲ್ಲ 2 ಎಂಬಿಯಲ್ಲಿ ಮುಗಿಯುತ್ತದೆ. ಆದರೆ ಹೊರಗಿನ ಬ್ಯಾಕಪ್ ತಂತ್ರಾಂಶ ಆ ಬಿಟ್‌ಮ್ಯಾಪನ್ನು ಎನ್‌ಬಿಡಿ ಮೂಲಕ ಓದುವಂತಿರಲಿಲ್ಲ.

2016ರಲ್ಲಿ ಚರ್ಚೆಗೆ ಬಂದ ಮೊದಲ ಕರಡು, ಡಿಸ್ಕ್‌ಗಳ ಜೊತೆ ವ್ಯವಹರಿಸುವ ಸ್ಕಸಿ ಮಾನಕದ ‘ಗೆಟ್ ಎಲ್‌ಬಿಎ ಸ್ಟೇಟಸ್’ ಆಜ್ಞೆಯನ್ನು ಮಾದರಿಯಾಗಿಟ್ಟುಕೊಂಡಿತ್ತು. ಬ್ಲಾಕಿಗೆ ಜಾಗ ಹಂಚಿಕೆಯಾಗಿದೆಯೇ ಎಂಬುದನ್ನೂ ಅದು ಬದಲಾಗಿದೆಯೇ ಎಂಬುದನ್ನೂ ಒಂದೇ ಆಜ್ಞೆ ಕೇಳಬೇಕಿತ್ತು. ತೊಡಕು ಇದ್ದದ್ದು ಎರಡನೆಯದರಲ್ಲಿ. ಬದಲಾಗಿದೆ ಎಂದರೆ ಯಾವಾಗಿನಿಂದ? ನಿನ್ನೆಯ ಬ್ಯಾಕಪ್ಪಿನಿಂದಲೇ, ಕಳೆದ ವಾರದ್ದರಿಂದಲೇ? ಉತ್ತರ ಗೊತ್ತಿರುವುದು ಲೆಕ್ಕ ಇಟ್ಟವರಿಗೆ ಮಾತ್ರ.

ಕೊನೆಗೆ ಮೂಡಿದ ‘ಬ್ಲಾಕ್ ಸ್ಟೇಟಸ್’ ಆಜ್ಞೆ ‘ಬದಲಾವಣೆ’ಗೆ ತಾನೇ ಅರ್ಥ ಹೇಳಲು ಹೋಗಲಿಲ್ಲ. ಈ ವಿನ್ಯಾಸದ ನಿಜವಾದ ಗೆಲುವು ಇದೇ. ಕ್ಲೈಂಟ್ ಸಂಪರ್ಕದ ಆರಂಭದಲ್ಲೇ ತನಗೆ ಬೇಕಾದ ‘ಮೆಟಾಡೇಟಾ ಕಾಂಟೆಕ್ಸ್ಟ್’ ಯಾವುದೆಂದು ಹೆಸರಿಸುತ್ತದೆ. ‘ಬೇಸ್’ ಎಂಬ ಹೆಸರಿನ ವಲಯವನ್ನು ಪ್ರೋಟೊಕಾಲ್ ತನಗಾಗಿ ಇಟ್ಟುಕೊಂಡಿತು. ಅದರ ‘ಅಲೊಕೇಶನ್’ ಕಾಂಟೆಕ್ಸ್ಟ್, ಜಾಗ ಖಾಲಿಯೇ ಮತ್ತು ಓದಿದರೆ ಸೊನ್ನೆ ಸಿಗುವುದೇ ಎಂಬುದನ್ನು ಎರಡು ಬಿಟ್‌ಗಳಲ್ಲಿ ಹೇಳುತ್ತದೆ. ಉಳಿದ ಹೆಸರುಗಳ ಅರ್ಥ ಆಯಾ ತಂತ್ರಾಂಶಕ್ಕೆ ಬಿಟ್ಟದ್ದು. ‘ಕ್ಯೂಇಎಂಯು’ ವಲಯದ ಡರ್ಟಿ ಬಿಟ್‌ಮ್ಯಾಪ್ ಅಂಥದ್ದು. ಉತ್ತರದಲ್ಲಿ ಎಷ್ಟು ತುಣುಕುಗಳಿರುತ್ತವೆ ಎಂದು ಮೊದಲೇ ತಿಳಿಯದ ಕಾರಣ ಹಳೆಯ ಸರಳ ಉತ್ತರದ ಚೌಕಟ್ಟು ಸಾಲದೆ, ‘ಸ್ಟ್ರಕ್ಚರ್ಡ್ ರಿಪ್ಲೈ’ ಎಂಬ ಹೊಸ ಚೌಕಟ್ಟು ಅಗತ್ಯವಾಯಿತು.

2018ರ ಏಪ್ರಿಲ್‌ನ ಕ್ಯೂಇಎಂಯು 2.12 ಅಲೊಕೇಶನ್ ಮಾಹಿತಿಯನ್ನು, ಅದೇ ವರ್ಷದ ಆಗಸ್ಟಿನ 3.0 ಬಿಟ್‌ಮ್ಯಾಪನ್ನು ಪ್ರಾಯೋಗಿಕವಾಗಿ ಒದಗಿಸಿದವು. 2019ರ 4.0ದಲ್ಲಿ ಅದು ಸ್ಥಿರವಾಯಿತು. 2020ರ ಆರಂಭದಲ್ಲಿ, ವರ್ಚುವಲ್ ಯಂತ್ರಗಳನ್ನು ನಿರ್ವಹಿಸುವ ತಂತ್ರಾಂಶ ಲಿಬ್‌ವರ್ಟ್ 6.0 ಬ್ಯಾಕಪ್ ಎಪಿಐ ತಂದಿತು. ಬಿಟ್‌ಮ್ಯಾಪಿನ ವಿಷಯದಲ್ಲಿ ಪಾಲಿಸುವ ಎಚ್ಚರ ದೊಡ್ಡದು: ಬದಲಾಗದ ಬ್ಲಾಕನ್ನು ಬದಲಾಗಿದೆ ಎಂದರೆ ಕೊಂಚ ಹೆಚ್ಚು ನಕಲು, ಅಷ್ಟೆ, ಬದಲಾದದ್ದನ್ನು ಬದಲಾಗಿಲ್ಲ ಎಂದರೆ ಬ್ಯಾಕಪ್ಪೇ ಹಾಳು. ಆದ್ದರಿಂದಲೇ, ಯಂತ್ರ ಹಠಾತ್ತನೆ ನಿಂತು ಬಿಟ್‌ಮ್ಯಾಪ್ ಡಿಸ್ಕಿಗೆ ಸೇರದೆ ಉಳಿದರೆ ಕ್ಯೂಇಎಂಯು ಅದನ್ನು ನಂಬುವುದಿಲ್ಲ. ಮತ್ತೆ ಪೂರ್ಣ ಬ್ಯಾಕಪ್ ಮಾಡಲೇಬೇಕು.

ಕೋರಿಕೆಯ ಉದ್ದಕ್ಕೆ ಮೀಸಲಾಗಿದ್ದ 32 ಬಿಟ್ ಬಹುಕಾಲ ತೊಡಕಾಗಿ ಉಳಿಯಿತು. ಒಂದು ಪ್ರಶ್ನೆ 4 ಜಿಬಿ ಮುಟ್ಟುವಂತಿರಲಿಲ್ಲ. 2023ರ ‘ಎಕ್ಸ್‌ಟೆಂಡೆಡ್ ಹೆಡರ್’ ಅದನ್ನು 64 ಬಿಟ್‌ಗೆ ಏರಿಸಿತು. ಡಿಸೆಂಬರ್‌ನಲ್ಲಿ ಹೊರಬಂದ ಕ್ಯೂಇಎಂಯು 8.2 ಅದನ್ನು ಅಳವಡಿಸಿಕೊಂಡಿತು. ಇದೂ ಆರಂಭದ ಮಾತುಕತೆಯಲ್ಲೇ ಒಪ್ಪಿಗೆಯಾಗಬೇಕಾದ ಸೌಲಭ್ಯವಾದ್ದರಿಂದ ಹಳೆಯ ಕ್ಲೈಂಟ್‌ಗಳು ಮೊದಲಿನಂತೆಯೇ ಸಂಪರ್ಕಿಸಬಲ್ಲವು.