ನೋವಿಗೂ ಮೊದಲೇ ಬಾಯಿ ತೋರಿಸುವುದು: ಕಲಬುರಗಿಯಿಂದ ಕಮಲಾಪುರದವರೆಗೆ

"ಹಲ್ಲು ಭಾಳ ಬ್ಯಾನಿ ಆಗ್ಲಾಕತ್ಯಾದ್ರಿ, ಕಿತ್ತೇ ಬಿಡ್ರಿ." ಕಲಬುರಗಿಯ ಯಾವುದೇ ದಂತ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ ಕೂತರೆ ಈ ಮಾತು ಕಿವಿಗೆ ಬೀಳದೆ ಇರದು. ಹಲ್ಲು ಹುಳುಕಾಗಿ ವರ್ಷವೇ ಕಳೆದಿರುತ್ತದೆ. ಲವಂಗದ ಎಣ್ಣೆ, ಉಪ್ಪುನೀರು, ಮೆಡಿಕಲ್ ಅಂಗಡಿಯವರು ಕೊಟ್ಟ ಗುಳಿಗೆ ಎಲ್ಲ ಮುಗಿದ ಮೇಲೆ ಡಾಕ್ಟರ ಸರದಿ. ನೋವಿಲ್ಲದಾಗ ಸುಮ್ಮನೆ ಬಾಯಿ ತೋರಿಸಿಕೊಂಡು ಹೋಗಲು ಬಂದವರು ಅಪರೂಪ. ಇದಕ್ಕೆ ಜನರ ಅಲಕ್ಷ್ಯವನ್ನು ದೂರುವುದು ಸುಲಭ. ಆದರೆ ಈ ಸೀಮೆಗೆ ದಂತವೈದ್ಯ ಬಂದ ದಾರಿಯನ್ನು ನೋಡಿದರೆ ಹಾಗೆ ದೂರಲು ಮನಸ್ಸಾಗುವುದಿಲ್ಲ. ಬಹುಕಾಲ ಇಲ್ಲಿನವರಿಗೆ ಸಿಕ್ಕಿದ್ದೇ ಹಲ್ಲು ಕೀಳುವ ಸೇವೆ.

ಹಲ್ಲುಜ್ಜುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ದಂತಧಾವನದ ವಿಧಿ ಚರಕ, ಸುಶ್ರುತ ಸಂಹಿತೆಗಳಲ್ಲೇ ಇದೆ. ಬೇವಿನ ಕಡ್ಡಿ, ಜಾಲಿ ಕಡ್ಡಿ, ಒಲೆಯ ಬೂದಿ, ಇದ್ದಿಲು ಹಳ್ಳಿಯ ಮನೆಗಳಲ್ಲಿ ನಿನ್ನೆ ಮೊನ್ನೆಯವರೆಗೂ ಇದ್ದವು. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದ ಮೇಲೆ ಹಳೆ ಮೈಸೂರು ಭಾಗಕ್ಕೆ ಹಲ್ಲುಪುಡಿಯ ಪೊಟ್ಟಣ ಬಂತು. ನಮ್ಮ ಕಡೆ, ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಊರುಗಳಲ್ಲಿ, ಹೆಂಗಸರು ಮಿಸ್ರಿ ತಿಕ್ಕುವ ರೂಢಿ ಬೆಳೆಯಿತು. ತಂಬಾಕನ್ನು ಹುರಿದು ಮಾಡಿದ ಕಪ್ಪು ಪುಡಿ ಅದು. ಹಲ್ಲಿನ ಹೆಸರಿನಲ್ಲಿ ಬಾಯಿಗೆ ಇಳಿದ ಚಟ. ಒಟ್ಟಿನಲ್ಲಿ ಉಜ್ಜುವುದಿತ್ತು, ನೋಡುವುದಿರಲಿಲ್ಲ. ನೋವೇ ಇಲ್ಲದ ಬಾಯಿಯನ್ನು ತಿಳಿದವರೊಬ್ಬರು ಹಲ್ಲುಹಲ್ಲಾಗಿ ಪರೀಕ್ಷಿಸಬೇಕು ಎಂಬ ಯೋಚನೆ ತೀರಾ ಇತ್ತೀಚಿನದು.

ಭಾರತದಲ್ಲಿ ಆಧುನಿಕ ದಂತವೈದ್ಯ ಶಿಕ್ಷಣ ಶುರುವಾದದ್ದು 1920ರಲ್ಲಿ, ಡಾ. ರಫಿಯುದ್ದೀನ್ ಅಹ್ಮದ್ ಅವರು ಕಲ್ಕತ್ತೆಯಲ್ಲಿ ಕಾಲೇಜು ಕಟ್ಟಿದಾಗ. ದಂತವೈದ್ಯರ ಕಾಯ್ದೆ 1948ರದು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ. ಕಲಬುರಗಿ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ದೊಡ್ಡ ಚಿಕಿತ್ಸೆಗೆ ಹೈದರಾಬಾದಿನ ಇಲ್ಲವೇ ಸೊಲ್ಲಾಪುರದ ರೈಲು ಹತ್ತುವುದು ಈ ಭಾಗದ ಹಳೆಯ ರೂಢಿ. ಪ್ರಾಣ ಹೋಗುವಂಥ ಕಾಯಿಲೆಗೆ ಹತ್ತುವ ರೈಲನ್ನು ಹಲ್ಲಿಗಾಗಿ ಯಾರು ಹತ್ತುತ್ತಾರೆ? 1958ರಲ್ಲಿ ಹುಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1963ರಲ್ಲಿ ಎಂ.ಆರ್. ಮೆಡಿಕಲ್ ಕಾಲೇಜನ್ನೂ 1980ರ ದಶಕದಲ್ಲಿ ದಂತ ಕಾಲೇಜನ್ನೂ ತೆರೆಯಿತು. ಎಸ್. ನಿಜಲಿಂಗಪ್ಪ ಅವರ ಹೆಸರು ಹೊತ್ತ ಆ ದಂತ ಕಾಲೇಜು ಸೇಡಂ ರಸ್ತೆಯಲ್ಲಿದೆ. ಮುಂದೆ ಅಲ್-ಬದರ್ ಗ್ರಾಮೀಣ ದಂತ ಕಾಲೇಜು, ಆಮೇಲೆ ನೌಕರರ ರಾಜ್ಯ ವಿಮಾ ನಿಗಮದ, ಅಂದರೆ ಇಎಸ್‌ಐಸಿ ದಂತ ಕಾಲೇಜು. ಇಎಸ್‌ಐಸಿಯವರು ದಂತ ಕಾಲೇಜು ನಡೆಸುವುದು ದೆಹಲಿಯ ರೋಹಿಣಿ ಬಿಟ್ಟರೆ ಕಲಬುರಗಿಯಲ್ಲೇ. ಹೀಗೆ ಒಂದೇ ನಗರದಲ್ಲಿ ಮೂರು ದಂತ ಕಾಲೇಜು.

ಹುಮನಾಬಾದ್ ರಸ್ತೆ ಹಿಡಿದು ಮೂವತ್ತೈದು ಕಿಲೋಮೀಟರ್ ಆಸುಪಾಸು ಹೋದರೆ ಕಮಲಾಪುರ. ಭೌಗೋಳಿಕ ಸೂಚ್ಯಂಕ ಪಡೆದ ಕೆಂಪು ಬಾಳೆಯ ಊರು, ಈಗ ತಾಲ್ಲೂಕು ಕೇಂದ್ರ. ಕೆಂಪು ಬಾಳೆಹಣ್ಣು ತಿನ್ನಲು ಹಲ್ಲು ಬೇಕಿಲ್ಲ, ಜೋಳದ ಕಟಕ ರೊಟ್ಟಿಗೆ ಬೇಕೇ ಬೇಕು. ಆ ಮೂವತ್ತೈದು ಕಿಲೋಮೀಟರಿಗೆ ಒಂದು ದಿನದ ಕೂಲಿ ಹೋಗುತ್ತದೆ. ನೋವು ಕೂಲಿಗಿಂತ ದೊಡ್ಡದಾದ ದಿನವೇ ಜನ ಬಸ್ಸು ಹತ್ತುವುದು. ಅಷ್ಟರಲ್ಲಿ ತುಂಬಿಸಬಹುದಾಗಿದ್ದ ಹಲ್ಲು ಕೀಳುವ ಹಲ್ಲಾಗಿರುತ್ತದೆ.

ದಂತ ಕಾಲೇಜುಗಳು ಬಂದದ್ದರಿಂದ ಆದ ದೊಡ್ಡ ಬದಲಾವಣೆ, ನನ್ನ ಲೆಕ್ಕದಲ್ಲಿ, ಹೊಳೆಯುವ ಕುರ್ಚಿಗಳಲ್ಲ, ಹಳ್ಳಿಗೆ ಹೋಗುವ ಶಿಬಿರಗಳು. ಸಾರ್ವಜನಿಕ ದಂತ ಆರೋಗ್ಯ ವಿಭಾಗದವರ ಶಿಬಿರ ನೋಡಿದವರಿಗೆ ಗೊತ್ತು: ಶಾಲೆಯ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿ, ಮುಖ ಬೆಳಕಿನ ಕಡೆ. ಒಬ್ಬ ವಿದ್ಯಾರ್ಥಿ ಪುಟ್ಟ ಕನ್ನಡಿಯಿಂದ ಕೆನ್ನೆ ಸರಿಸಿ, ತುದಿಯಲ್ಲಿ ಅರ್ಧ ಮಿಲಿಮೀಟರ್ ಗುಂಡು ಇರುವ ಕಡ್ಡಿಯನ್ನು ವಸಡಿನ ಅಂಚಿಗೆ ಮೆಲ್ಲಗೆ ಇಳಿಸುತ್ತಾನೆ. ರಕ್ತ ಬಂತೇ, ಕಡ್ಡಿಯ ಮೇಲಿನ ಕಪ್ಪು ಪಟ್ಟಿ ಎಷ್ಟು ಮುಳುಗಿತು ಎಂದು ನೋಡಿ ಅಂಕಿ ಕೂಗುತ್ತಾನೆ. ಪಕ್ಕದವಳು ಹಾಳೆಯಲ್ಲಿ ತುಂಬುತ್ತಾಳೆ. ಇಂಥ ಹಾಳೆಗಳಿಂದಲೇ ದೇಶದ ಬಾಯಿಯ ಚಿತ್ರ ಸಿಕ್ಕಿದ್ದು. ಭಾರತೀಯ ದಂತ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಶೇ 51.9, ಹನ್ನೆರಡರವರಲ್ಲಿ ಶೇ 53.8, ಹದಿನೈದರವರಲ್ಲಿ ಶೇ 63.1 ಮಂದಿಗೆ ಹಲ್ಲು ಹುಳುಕಾಗಿತ್ತು. ಅರ್ಧಕ್ಕರ್ಧ ಮಕ್ಕಳಿಗೆ ಇರುವ ಕಾಯಿಲೆ ಎಂದಮೇಲೆ ಮಗು ಅಳಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ತೋರಿಸಬೇಕು? "ಆರು ತಿಂಗಳಿಗೊಮ್ಮೆ" ಎಂದು ಎಲ್ಲರ ಬಾಯಲ್ಲೂ ಇದೆ. ರೇಡಿಯೊ ಕಾಲದ ಅಮೆರಿಕದ ಟೂತ್‌ಪೇಸ್ಟ್ ಜಾಹೀರಾತುಗಳು ಈ ಮಾತನ್ನು ಮನೆಮನೆಗೆ ಮುಟ್ಟಿಸಿದವು, ಬ್ರಿಟನ್ನಿನ ಆರೋಗ್ಯ ಸೇವೆ ಅದನ್ನೇ ರೂಢಿ ಮಾಡಿತು. 1977ರಲ್ಲಿ ಆಬ್ರಿ ಶೈಹಮ್ ಎಂಬ ತಜ್ಞರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದಕ್ಕೆ ವೈಜ್ಞಾನಿಕ ಆಧಾರ ಎಲ್ಲಿದೆ ಎಂದು ನೇರವಾಗಿ ಕೇಳಿದರು. ದಂತವೈದ್ಯ ಲೋಕಕ್ಕೆ ಅದು ರುಚಿಸಲಿಲ್ಲ, ಉತ್ತರವೂ ಬೇಗ ಸಿಗಲಿಲ್ಲ. 2004ರಲ್ಲಿ, ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ, ವಯಸ್ಕರಿಗೆ ಅವರವರ ಅಪಾಯ ನೋಡಿ 3ರಿಂದ 24 ತಿಂಗಳು, ಹದಿನೆಂಟರೊಳಗಿನವರಿಗೆ 3ರಿಂದ 12 ತಿಂಗಳು ಎಂದಿತು. ಎರಡು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ನಾಲ್ಕು ವರ್ಷ ಹಿಂಬಾಲಿಸಿದ ಬ್ರಿಟನ್ನಿನ ಪ್ರಯೋಗವೊಂದರ ಫಲಿತಾಂಶ 2020ರಲ್ಲಿ ಬಂತು: ಅಪಾಯ ಕಡಿಮೆ ಇರುವವರಿಗೆ ಆರು ತಿಂಗಳಿಗೂ ಎರಡು ವರ್ಷಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ "ಹಂಗಾದ್ರ ಹೋಗೋದೇ ಬ್ಯಾಡ" ಎನ್ನುವವರಿದ್ದಾರೆ. ಆ ಪ್ರಯೋಗದಲ್ಲಿದ್ದವರು ಮೊದಲಿನಿಂದಲೂ ದಂತವೈದ್ಯರ ಬಳಿ ಹೋಗಿಬರುತ್ತಿದ್ದವರು, ಫ್ಲೋರೈಡ್ ಪೇಸ್ಟು ಬಳಸುವವರು. ಒಮ್ಮೆಯೂ ಹೋಗದವರ ಕಥೆ ಬೇಕಿದ್ದರೆ ಶ್ರೀಲಂಕಾದ ಕಡೆ ನೋಡಬೇಕು. ವಸಡಿನ ಅಂಚಿನಲ್ಲಿ ಹಲ್ಲಿಗೆ ಕೂರುವ ಬಿಳಿ ಪದರವನ್ನು ಉಜ್ಜದೆ ಬಿಟ್ಟರೆ ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ವಸಡು ಊದಿಕೊಳ್ಳುತ್ತದೆ ಎಂದು 1965ರಲ್ಲಿ ತೋರಿಸಿದ ಹರಾಲ್ಡ್ ಲೋ, 1970ರಿಂದ ಹದಿನೈದು ವರ್ಷ ಅಲ್ಲಿನ 480 ಚಹಾ ತೋಟದ ಕೂಲಿಗಳನ್ನು ಗಮನಿಸಿದರು. ಅವರಿಗೆ ದಂತ ಚಿಕಿತ್ಸೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ಶೇ 8ರಷ್ಟು ಮಂದಿಗೆ ವಸಡಿನ ರೋಗ ಬಿರುಸಾಗಿ ಬೆಳೆಯಿತು, ಶೇ 81ರಷ್ಟು ಮಂದಿಗೆ ನಿಧಾನಕ್ಕೆ, ಶೇ 11ರಷ್ಟು ಮಂದಿಗೆ ವಸಡಿನ ಊತ ದಾಟಿ ಮುಂದೆ ಹೋಗಲೇ ಇಲ್ಲ. ನೂರರಲ್ಲಿ ಆ ಎಂಟು ಮಂದಿ ಯಾರೆಂದು ಬಾಯಿ ನೋಡದೆ ತಿಳಿಯುವುದಿಲ್ಲ. "ಹಲ್ಲು ಕ್ಲೀನ್ ಮಾಡಿಸಿದ್ರ ಸಡಿಲ ಆಗ್ತಾವ" ಎಂಬ ನಂಬಿಕೆಗೂ ಇಲ್ಲೇ ಉತ್ತರವಿದೆ. ಸಡಿಲ ಮಾಡಿದ್ದು ರೋಗ. ಸಂದಿಯಲ್ಲಿ ಸಿಮೆಂಟಿನಂತೆ ಕೂತಿದ್ದ ಕರೆ ತೆಗೆದಾಗ ಅದು ಗೊತ್ತಾಗುತ್ತದೆ, ಅಷ್ಟೇ. ಸಕ್ಕರೆ ಕಾಯಿಲೆಯವರಲ್ಲಿ ಈ ರೋಗದ ಓಟ ಇನ್ನೂ ಜೋರು, ಹೀಗಾಗಿ ಅವರ ತಪಾಸಣೆಯ ಗಡುವೂ ಬೇರೆಯವರಿಗಿಂತ ಹತ್ತಿರ.

ಈ ಸೀಮೆಯಲ್ಲಿ ತಪಾಸಣೆಗೆ ನಿಜವಾದ ಕಾರಣ ಹಲ್ಲಿಗಿಂತ ದೊಡ್ಡದು. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯ ಚೀಟು ಒಂದು, ತಂಬಾಕಿನ ಚೀಟು ಇನ್ನೊಂದು ಎಂದು ಜೋಡಿಯಾಗಿ ಮಾರುವುದು ಶುರುವಾಯಿತು. ಬೆರೆಸುವ ಕೆಲಸ ಗಿರಾಕಿಯದು. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಬಿಳಿಚಿ ನಾರುಗಟ್ಟುವ ಕಾಯಿಲೆ ಮೊದಲು ತಟ್ಟುವುದು ಊಟದ ತಟ್ಟೆಯಲ್ಲಿ. ಕೆಂಪು ಖಾರ ಹಚ್ಚಿ ರೊಟ್ಟಿ ತಿನ್ನುತ್ತಿದ್ದ ಹುಡುಗ ಬಾಯಿ ಉರಿಯುತ್ತದೆ ಎಂದು ಹಾಲಿನಲ್ಲಿ ರೊಟ್ಟಿ ನೆನೆಸಲು ಶುರುಮಾಡುತ್ತಾನೆ. ಆಮೇಲೆ ಬಾಯಿ ಪೂರ್ತಿ ತೆರೆಯುವುದಿಲ್ಲ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಿಡಿಸುತ್ತವೆಯೇ ಎಂದು ಯಾರೂ ಮನೆಯಲ್ಲೇ ನೋಡಿಕೊಳ್ಳಬಹುದು. ಈ ಹಂತದಲ್ಲಿ ಉರಿ ಇದ್ದರೂ ಹಲ್ಲುನೋವಿನಂಥ ನೋವು ಇರುವುದಿಲ್ಲ. ಇದೇ ಚಟದಿಂದ ಬರುವ ಬಾಯಿ ಕ್ಯಾನ್ಸರಿನ ಮೊದಲ ಹಂತದಲ್ಲೂ ಬಹುಮಟ್ಟಿಗೆ ಇರುವುದಿಲ್ಲ. ನೋವನ್ನೇ ಗಡಿಯಾರ ಮಾಡಿಕೊಂಡವರು ಮೋಸ ಹೋಗುವುದು ಇಲ್ಲೇ.

ಈ ವಿಷಯದಲ್ಲಿ ಜಗತ್ತಿಗೇ ಪಾಠವಾದ ಪ್ರಯೋಗ ನಡೆದದ್ದು ಪಕ್ಕದ ಕೇರಳದಲ್ಲಿ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿಯನ್ನು ಬರಿಗಣ್ಣಿನಿಂದ ನೋಡಿದರು. 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನಿಂದ ಆಗುವ ಸಾವು ಶೇ 34ರಷ್ಟು ಕಡಿಮೆಯಾಗಿತ್ತು. ಆ ಮೊದಲ ನೋಟಕ್ಕೆ ಯಂತ್ರ ಬೇಕಾಗಲಿಲ್ಲ, ದಂತವೈದ್ಯರೇ ಬೇಕಾಗಲಿಲ್ಲ.

ಇನ್ನು ನೀರು. ಕಲಬುರಗಿಯೂ ಸೇರಿ ಉತ್ತರದ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಮಕ್ಕಳ ಹಲ್ಲಿನ ಕಂದು ಕಲೆ ಹೊಲಸಲ್ಲ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು ಅದು. ಒಂದು ಶಾಲೆಯ ನಾಲ್ಕಾರು ಮಕ್ಕಳಲ್ಲಿ ಕಂಡರೆ ಪರೀಕ್ಷೆಗೆ ಕಳಿಸಬೇಕಾದದ್ದು ಆ ಊರಿನ ನೀರನ್ನು.

ಸರ್ಕಾರದ ಯೋಜನೆಗಳು ಬರುವುದು ತಡವಾಯಿತು, ಬಂದಿಲ್ಲ ಎನ್ನುವಂತಿಲ್ಲ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಹೋಗಬೇಕು. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲೂ ಇದೆ, ತಂಡದಲ್ಲಿ ದಂತವೈದ್ಯರಿಲ್ಲ. 2014-15ರಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅದೇ ಹೊತ್ತಿಗೆ ರಾಜ್ಯದ ದಂತ ಭಾಗ್ಯ ಯೋಜನೆ ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡತೊಡಗಿತು. ಒಳ್ಳೆಯ ಕೆಲಸವೇ, ಆದರೆ ಎಲ್ಲ ಹಲ್ಲೂ ಹೋದ ಮೇಲಿನ ಭಾಗ್ಯ. ನನಗೆ ಹೆಚ್ಚು ಭರವಸೆ ಇರುವುದು ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಫಾರ್ಮಿನ ಮೇಲೆ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಅದರಲ್ಲಿ ಪ್ರಶ್ನೆಗಳಿವೆ: ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು ಇದೆಯೇ, ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ, ಬಾಯಿ ತೆರೆಯಲು ಕಷ್ಟವೇ? ಐದು ವರ್ಷಕ್ಕೊಮ್ಮೆ ಬಾಯಿ ಪರೀಕ್ಷೆಯೂ ಆಗಬೇಕು. ತಂಬಾಕು ತಿನ್ನುವವರಿಗೆ ಐದು ವರ್ಷ ತೀರಾ ದೂರವಾಯಿತು. ಮೂರು ಕಾಲೇಜಿನ ವಿದ್ಯಾರ್ಥಿಗಳು ಸರದಿ ಮೇಲೆ ಕಮಲಾಪುರದಂಥ ತಾಲ್ಲೂಕಿಗೆ ನಿಗದಿತ ವಾರ ಬಂದು ಕೂತರೆ ಈ ಅಂತರ ತುಂಬುತ್ತದೆ. ಅಪರೂಪದ ದೊಡ್ಡ ಶಿಬಿರಕ್ಕಿಂತ ತಪ್ಪದೆ ಬರುವ ಒಬ್ಬ ವೈದ್ಯ ಮೇಲು.

ಅಲ್ಲಿಯವರೆಗೆ ಓದುಗರು ತಾವೇ ಮಾಡಬಹುದಾದದ್ದು ಇಷ್ಟು. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಮೊದಲ ಸಲ ಬಾಯಿ ತೋರಿಸಿ. ಸಕ್ಕರೆ ಕಾಯಿಲೆ, ಬಸಿರು, ತಂಬಾಕು, ಅಡಿಕೆ, ಮಿಸ್ರಿ ಇದ್ದವರು ಮುಂದಿನ ಭೇಟಿ ಯಾವಾಗ ಎಂದು ಡಾಕ್ಟರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಆಶಾ ಅಕ್ಕ ಬಾಯಿ ತೆರೆಯಿರಿ ಎಂದರೆ ನಾಚಿಕೊಳ್ಳಬೇಡಿ, ಬಿಸಿಲಿಗೆ ಮುಖ ಮಾಡಿ ಪೂರ್ತಿ ತೆರೆಯಿರಿ. ಮೂರು ಬೆರಳು ಹಿಡಿಸದಿದ್ದರೆ, ಹುಣ್ಣು ಹದಿನೈದು ದಿನಕ್ಕೂ ಮಾಯದಿದ್ದರೆ, ಯಾವ ತಾರೀಖಿಗೂ ಕಾಯದೆ ಮರುದಿನವೇ ಕಲಬುರಗಿ ಬಸ್ಸು ಹತ್ತಿ.