ಹಡಗಿನ ಬಿಸ್ಕತ್ತಿನಿಂದ ಹಾಲಿನವರೆಗೆ

ಅಮೆರಿಕದ ನ್ಯೂ ಇಂಗ್ಲೆಂಡ್ ಕರಾವಳಿಯ ಕ್ಲ್ಯಾಮ್ ಚೌಡರ್ ಎಂದರೆ ಹಾಲು ಬೆರೆತ ಮಂದನೆಯ ಬಿಳಿ ಸಾರು. ಕ್ಲ್ಯಾಮ್ ನಮ್ಮ ಕರಾವಳಿಯ ಮರುವಾಯಿಯಂಥ ಚಿಪ್ಪುಜೀವಿ. ಆದರೆ ಓದುಗರೇ, 1751ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದು ಪದ್ಯದಲ್ಲಿ ಅಚ್ಚುಮಾಡಿದ ಚೌಡರಿನಲ್ಲಿ ಕ್ಲ್ಯಾಮೂ ಇಲ್ಲ, ಹಾಲೂ ಇಲ್ಲ! ಮೀನು, ಈರುಳ್ಳಿ, ಉಪ್ಪು ಹಾಕಿಟ್ಟ ಹಂದಿಮಾಂಸಗಳ ಜೊತೆಗೆ ಬಿಸ್ಕತ್ತು. ದೂರಯಾನಕ್ಕೆ ಕೆಡದಂತೆ ಒಣಗಿಸಿದ, ಹಲ್ಲಿಗೆ ಬಗ್ಗದ ನಾವಿಕರ ಬಿಸ್ಕತ್ತೇ ನೆನೆದು ಸಾರನ್ನು ಮಂದಗೊಳಿಸುತ್ತಿತ್ತು. 1829ರಲ್ಲಿ ಲಿಡಿಯಾ ಮರಿಯಾ ಚೈಲ್ಡ್ ಮಿತವ್ಯಯದ ಗೃಹಿಣಿಯರಿಗಾಗಿ ಬರೆದ ಪುಸ್ತಕದಲ್ಲಿ, ಕೆಲವು ಕ್ಲ್ಯಾಮ್ ಸೇರಿಸಿದರೆ ರುಚಿ ಎಂದರು. ಹಾಲು ರೂಢಿಗೆ ಬಂದದ್ದು ಆಮೇಲೆ.

ಮನೆಯಲ್ಲಿ ಮಾಡುವುದಾದರೆ ಚಿಪ್ಪು ಬಾಯಿಬಿಡುವವರೆಗೆ ಬೇಯಿಸಿ, ಮರಳು ಹೋಗುವಂತೆ ನೀರನ್ನು ಸೋಸಿ, ಅದರಲ್ಲೇ ಈರುಳ್ಳಿ, ಆಲೂಗಡ್ಡೆ ಬೇಯಿಸಿರಿ. ಹಾಲನ್ನು ಕೊನೆಗೆ, ಸಣ್ಣ ಉರಿಯಲ್ಲಿ ಬೆರೆಸಿರಿ, ಕುದಿಸಿದರೆ ಒಡೆದೀತು. ಮೇಲೆ ಬಿಸ್ಕತ್ತು ಪುಡಿಮಾಡಿ ಉದುರಿಸುವಾಗ ನೆನೆಯಿರಿ: ಅದು ಅಲಂಕಾರವಲ್ಲ, ಬಡ ನಾವಿಕನ ಊಟ.